ಜೂನ್‌ನ ಕೃತ್ತಿಕೆ, ಅಕ್ಟೋಬರಿನ ಆಲೂಗಡ್ಡೆ

ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯಾ ದೇಶಗಳ ಗಡಿಯಲ್ಲಿ ಟಿಟಿಕಾಕಾ ಸರೋವರ ಇದೆ. ಅದರ ನೀರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಮೇಲೆ. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರ. ಸರೋವರದ ಸುತ್ತಲಿನ ವಿಶಾಲ ಬಯಲಿಗೆ ಆಲ್ಟಿಪ್ಲಾನೊ ಅಂತ ಹೆಸರು. ಮರಗಳು ಕಮ್ಮಿ, ಗಾಳಿ ತೆಳು, ರಾತ್ರಿ ಚಳಿ ವಿಪರೀತ. ಕ್ವೆಚುವಾ ಮತ್ತು ಐಮಾರಾ ಮಾತಾಡುವ ರೈತರು ಇಲ್ಲಿ ಸಾವಿರಾರು ವರ್ಷಗಳಿಂದ ಆಲೂಗಡ್ಡೆ ಬೆಳೆಯುತ್ತಿದ್ದಾರೆ. ಇವತ್ತು ನಮ್ಮ ಪಲ್ಯಕ್ಕೆ, ಬೋಂಡಕ್ಕೆ ಬೀಳುವ ಆಲೂಗಡ್ಡೆಯ ತವರು ಇದೇ ಸೀಮೆ.

ಅಲ್ಲಿ ಮಳೆಗಾಲ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಭೂಮಧ್ಯರೇಖೆಯ ಕೆಳಗಿನ ನಾಡಲ್ವಾ, ನಮಗೆ ಮುಂಗಾರು ಶುರುವಾಗುವ ಜೂನ್ ಅವರಿಗೆ ಕಟ್ಟಾ ಚಳಿಗಾಲ, ಒಣ ತಿಂಗಳು. ಸರೋವರದ ಆಸುಪಾಸಿನಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುತ್ತೆ. ದಕ್ಷಿಣಕ್ಕೆ ಹೋದಷ್ಟೂ ಇನ್ನೂ ಕಮ್ಮಿ. ಅಂದರೆ ನಮ್ಮ ಬಯಲುಸೀಮೆಯ ಹಾಗೇ, ಮಳೆ ಕೈಕೊಟ್ಟರೆ ಬೇರೆ ದಾರಿ ಇಲ್ಲದ ಬೇಸಾಯ.

ಆ ರೈತನ ಮುಂದಿರುವ ಪ್ರಶ್ನೆ ಒಂದೇ: ಆಲೂಗಡ್ಡೆಯನ್ನು ಯಾವಾಗ ನೆಡೋದು? ಬೇಗ ನೆಟ್ಟರೆ ಗೆಡ್ಡೆ ಬಲಿಯಲು ಸಮಯ ಸಿಗುತ್ತೆ, ಇಳುವರಿ ಚೆನ್ನಾಗಿರುತ್ತೆ. ಆದರೆ ಮೊದಲ ಹನಿ ಬಿದ್ದು ಆಮೇಲೆ ಮಳೆ ಮಾಯವಾದರೆ ಬಿತ್ತನೆ ಗೆಡ್ಡೆ ಒಣಮಣ್ಣಿನಲ್ಲೇ ಸೊರಗಿ ಹೋಗುತ್ತೆ. ಎಳೆ ಗಿಡಕ್ಕೆ ಹಸಿ ಸಿಗದಿದ್ದರೆ ಆಮೇಲೆ ಎಷ್ಟು ಸುರಿದರೂ ಅದು ಚೇತರಿಸಿಕೊಳ್ಳಲ್ಲ. ಹಾಗಂತ ತಡವಾಗಿ ನೆಟ್ಟರೆ, ಗೆಡ್ಡೆ ಬಲಿಯುವ ಮೊದಲೇ ಹಿಮ ಬಂದು ಸೊಪ್ಪನ್ನೆಲ್ಲ ಸುಟ್ಟು ಹಾಕುತ್ತೆ. ಬಿತ್ತನೆ ಗೆಡ್ಡೆ ಕಳೆದುಕೊಂಡರೆ ಎಂಥ ಹೊಡೆತ ಅನ್ನೋದನ್ನ ಹಾಸನದ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಆಲೂಗಡ್ಡೆಗೆ ಅವರು ಸುರಿಯುವ ದುಡ್ಡೇ ಖರ್ಚಿನಲ್ಲಿ ದೊಡ್ಡ ಪಾಲು.

ಆಲ್ಟಿಪ್ಲಾನೊದ ರೈತ ಈ ಪ್ರಶ್ನೆಗೆ ಉತ್ತರ ಹುಡುಕುವುದು ಜೂನ್‌ನಲ್ಲಿ. ಮಳೆಗೆ ಇನ್ನೂ ನಾಲ್ಕು ತಿಂಗಳಿರುವಾಗ. ಅವನು ನೋಡುವುದು ನಕ್ಷತ್ರಗಳನ್ನು.

ಏನನ್ನು ನೋಡುತ್ತಾರೆ

ನಾವು ಕೃತ್ತಿಕೆ ಅನ್ನುವ ನಕ್ಷತ್ರಗುಚ್ಛವೇ ಅದು. ಬರಿಗಣ್ಣಿಗೆ ಆರೇಳು ಚುಕ್ಕಿ ಕಾಣುತ್ತವೆ. ಬಾನು ಒಳ್ಳೆ ನಿರ್ಮಲವಾಗಿದ್ದು ಕಣ್ಣೂ ಚುರುಕಾಗಿದ್ದರೆ ಹತ್ತು ಹನ್ನೆರಡು. ಏಪ್ರಿಲ್ ಕೊನೆಯ ಹೊತ್ತಿಗೆ ಈ ಗುಚ್ಛ ಸಂಜೆಯ ಬೆಳಕಿನಲ್ಲಿ ಮುಳುಗಿ ಕಾಣೆಯಾಗುತ್ತೆ. ಸೂರ್ಯ ಆ ದಿಕ್ಕಿನಲ್ಲೇ ಇರುತ್ತಾನಾದ್ದರಿಂದ ಸುಮಾರು ಐದಾರು ವಾರ ಅದು ಕಣ್ಣಿಗೆ ಬೀಳಲ್ಲ. ಜೂನ್ ಮೊದಲ ಹದಿನೈದು ದಿನಗಳಲ್ಲಿ ಬೆಳಗಿನ ಜಾವ ಈಶಾನ್ಯದಲ್ಲಿ, ದಿಗಂತಕ್ಕೆ ಅಂಟಿಕೊಂಡ ಹಾಗೆ, ಮತ್ತೆ ತಲೆ ಎತ್ತುತ್ತೆ.

ಜೂನ್ 24 ಅಲ್ಲಿ ಸಂತ ಜಾನ್‌ನ ಹಬ್ಬ. ಸ್ಪ್ಯಾನಿಷ್‌ನಲ್ಲಿ ಸಾನ್ ಹುವಾನ್. ವರ್ಷದ ಅತಿ ಚಳಿಯ ರಾತ್ರಿ ಇದೇ ಅಂತ ಜನ ಹೇಳುತ್ತಾರೆ. ಆ ಹಬ್ಬದ ಸುತ್ತಿನ ಕೆಲವು ದಿನ ರೈತರು ನಸುಕಿಗೂ ಮೊದಲೇ ಎದ್ದು, ಬೆಟ್ಟದ ಏಣು ಹತ್ತಿ, ಕೃತ್ತಿಕೆ ಹುಟ್ಟುವುದನ್ನು ಕಾಯುತ್ತಾರೆ. ಹಬ್ಬದ ಹಿಂದಿನ ರಾತ್ರಿ ಬೆಂಕಿ ಹಾಕುವ ರೂಢಿಯೂ ಬೊಲಿವಿಯಾದಲ್ಲಿ ಇದೆ. ನಕ್ಷತ್ರ ನೋಡಬೇಕಾದ ರಾತ್ರಿಯೇ ಹೊಗೆ ಎಬ್ಬಿಸೋದು ಯಾವ ಲೆಕ್ಕವೋ! ಏಣಿನ ಮೇಲೆ ಹತ್ತುವುದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ನನಗನ್ನಿಸುತ್ತೆ.

ನೋಡುವವರು ಗಮನಿಸುವ ಸಂಗತಿಗಳು ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ. ಕೆಲವರು ಒಟ್ಟಾರೆ ಹೊಳಪು ನೋಡುತ್ತಾರೆ. ಕೆಲವರಿಗೆ ಗುಚ್ಛದ ಗಾತ್ರ ಮುಖ್ಯ. ಇನ್ನು ಕೆಲವರು ಅದು ಮೊದಲು ಕಂಡದ್ದು ಯಾವ ದಿನ ಅಂತ ಲೆಕ್ಕ ಇಡುತ್ತಾರೆ. ಗುಚ್ಛದೊಳಗೆ ಎಲ್ಲಕ್ಕಿಂತ ಹೊಳೆಯುವ ಚುಕ್ಕಿ ಎಲ್ಲಿ ಕೂತಿದೆ ಅಂತ ನೋಡುವವರೂ ಇದ್ದಾರೆ. ದೊಡ್ಡದಾಗಿ, ಹೊಳಪಾಗಿ, ಬೇಗ ಕಂಡರೆ ಮಳೆ ಬೇಗ, ಮಳೆ ಸಮೃದ್ಧ, ಬೆಳೆ ಚೆಂದ. ಮಂಕಾಗಿ, ಸಣ್ಣದಾಗಿ, ತಡವಾಗಿ ಕಂಡರೆ ಮಳೆ ತಡ, ಮಳೆ ಕಮ್ಮಿ. ಅಂಥ ವರ್ಷ ಆಲೂಗಡ್ಡೆ ನೆಡೋದನ್ನ ಕೆಲವು ವಾರ ಮುಂದೂಡುತ್ತಾರೆ.

ಇಷ್ಟನ್ನೇ ಕೇಳಿದರೆ ಓದಿದವರು ನಗುತ್ತಾರೆ. ನಕ್ಷತ್ರ ಇರೋದು 400ಕ್ಕೂ ಹೆಚ್ಚು ಬೆಳಕಿನ ವರ್ಷ ದೂರದಲ್ಲಿ. ಅದಕ್ಕೂ ಟಿಟಿಕಾಕಾ ದಂಡೆಯ ಮಳೆಗೂ ಎಲ್ಲಿಯ ಸಂಬಂಧ?

ಪಾದ್ರಿ ಬರೆಸಿಟ್ಟದ್ದು

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅದಕ್ಕೆ ಸಾಕ್ಷಿ ಸಿಕ್ಕಿರುವುದು ವಿಚಿತ್ರವಾದ ಕಡೆಯಿಂದ. 1600ರ ದಶಕದ ಆರಂಭದಲ್ಲಿ ಲಿಮಾ ನಗರದ ಪೂರ್ವದ ಬೆಟ್ಟಸೀಮೆಯಾದ ವರೊಚಿರಿಯಲ್ಲಿ ಫ್ರಾನ್ಸಿಸ್ಕೊ ದೆ ಆವಿಲಾ ಅನ್ನೋ ಪಾದ್ರಿ ಇದ್ದ. ಸ್ಥಳೀಯರ ಹಳೆ ದೇವರುಗಳನ್ನು, ಆಚರಣೆಗಳನ್ನು ಬೇರು ಸಮೇತ ಕೀಳೋದು ಅವನ ಗುರಿ. ಕೀಳಬೇಕಾದರೆ ಏನೇನಿದೆ ಅಂತ ಗೊತ್ತಿರಬೇಕಲ್ಲ. ಆ ನಂಬಿಕೆಗಳ ವಿವರಗಳೆಲ್ಲ ಕ್ವೆಚುವಾ ಭಾಷೆಯಲ್ಲೇ ಒಂದು ಹಸ್ತಪ್ರತಿಯಾಗಿ ಅವನ ಕೈ ಸೇರಿದವು. ಅದು ಈಗ ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಅದರಲ್ಲಿ ಕೃತ್ತಿಕೆಯ ಮಾತು ಬರುತ್ತೆ. ಗುಚ್ಛ ದೊಡ್ಡದಾಗಿ ಕಂಡ ವರ್ಷ ಊಟಕ್ಕೆ ಕೊರತೆ ಇಲ್ಲ, ತೀರ ಸಣ್ಣದಾಗಿ ಕಂಡರೆ ಕಷ್ಟ ಕಾದಿದೆ ಅಂತ ಜನ ಮಾತಾಡಿಕೊಳ್ಳುತ್ತಾರೆ ಅನ್ನುವ ಅರ್ಥದ ಸಾಲುಗಳು. 400 ವರ್ಷಗಳ ಹಿಂದೆಯೂ ಗಾತ್ರವನ್ನೇ ನೋಡುತ್ತಿದ್ದರು. ಅಳಿಸಲು ಹೊರಟವನ ಕಡತದಲ್ಲೇ ಅದು ಉಳಿಯಿತು.

ಮೂವರ ಲೆಕ್ಕ

ಬೆನ್ ಓರ್ಲೊವ್ ಮಾನವಶಾಸ್ತ್ರಜ್ಞ. ಟಿಟಿಕಾಕಾ ಸೀಮೆಯಲ್ಲಿ ಓಡಾಡಿ ಕೆಲಸ ಮಾಡಿದವರು. ಈ ನಕ್ಷತ್ರ ನೋಡುವ ಪದ್ಧತಿ ಒಂದೆರಡು ಊರಿನದಲ್ಲ, ಪೆರು ಮತ್ತು ಬೊಲಿವಿಯಾದ ಬೇರೆ ಬೇರೆ ಕಡೆಯ ಹನ್ನೆರಡಾದರೂ ಹಳ್ಳಿಗಳಲ್ಲಿ ದಾಖಲಾಗಿದೆ ಅನ್ನೋದು ಅವರ ಗಮನಕ್ಕೆ ಬಂತು. ಇದನ್ನು ಅವರು ಇಬ್ಬರು ಹವಾಮಾನ ವಿಜ್ಞಾನಿಗಳ ಮುಂದಿಟ್ಟರು. ಒಬ್ಬರು ಜಾನ್ ಚಿಯಾಂಗ್, ಇನ್ನೊಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಕೇನ್.

ಕೇನ್ ಯಾರು ಅಂತ ಗೊತ್ತಿದ್ದರೆ ಈ ಕಥೆಯ ಸ್ವಾರಸ್ಯ ಹೆಚ್ಚುತ್ತೆ. 1986ರಲ್ಲಿ ಸ್ಟೀಫನ್ ಝೆಬಿಯಾಕ್ ಅವರ ಜೊತೆ ಸೇರಿ, ಕಂಪ್ಯೂಟರ್ ಮಾದರಿ ಬಳಸಿ, ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯೇರುವ ವಿದ್ಯಮಾನ) ಬರುತ್ತೆ ಅಂತ ಮೊದಲ ಬಾರಿಗೆ ಮುಂಚಿತವಾಗಿ ಹೇಳಿದ್ದು ಇವರೇ. ಅಂಥವರು ಬೆಟ್ಟ ಹತ್ತಿ ಚುಕ್ಕಿ ನೋಡುವ ರೈತರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಲೆಕ್ಕಕ್ಕೆ ಕೂತರು. ಮೂವರ ಪ್ರಬಂಧ 2000ದ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಅವರು ಕೇಳಿಕೊಂಡ ಪ್ರಶ್ನೆ ಸರಳ. ನಕ್ಷತ್ರದ ಹೊಳಪು ವರ್ಷದಿಂದ ವರ್ಷಕ್ಕೆ ಬದಲಾಗಲ್ಲ. ಹಾಗಾದರೆ ಬದಲಾಗುತ್ತಿರುವುದು ನಡುವಿನ ಗಾಳಿಯೇ ಇರಬೇಕು. ಜೂನ್ ಒಣ ತಿಂಗಳು, ಕಣ್ಣಿಗೆ ಕಾಣುವ ಮೋಡ ಇರಲ್ಲ. ಆದರೆ ಕಣ್ಣಿಗೆ ಕಾಣದ ಮೋಡವೂ ಇರುತ್ತೆ. ತುಂಬ ಎತ್ತರದಲ್ಲಿ, ಹಿಮದ ಹರಳುಗಳಿಂದಾದ ಸಿರಸ್ ಮೋಡ ಕೆಲವೊಮ್ಮೆ ಎಷ್ಟು ತೆಳುವಾಗಿರುತ್ತೆ ಅಂದರೆ, ಕೆಳಗೆ ನಿಂತವರಿಗೆ ಬಾನು ಖಾಲಿ ಅಂತಲೇ ಅನ್ನಿಸುತ್ತೆ. ಆದರೆ ಅದರ ಮೂಲಕ ಬರುವ ನಕ್ಷತ್ರದ ಬೆಳಕು ಮಾತ್ರ ಕುಂದುತ್ತೆ, ಕನ್ನಡಕದ ಗಾಜಿಗೆ ಉಸಿರು ತಾಕಿದ ಹಾಗೆ. ಉಪಗ್ರಹಗಳ ಮೋಡದ ಮಾಹಿತಿ, ನೀರಾವಿಯ ಮಾಹಿತಿ, ಆಲ್ಟಿಪ್ಲಾನೊದ ಬೆಳೆಯ ಅಂಕಿ, ಎಲ್ ನಿನೊ ಸೂಚ್ಯಂಕ ಇವೆಲ್ಲವನ್ನೂ ಅವರು ಅಕ್ಕಪಕ್ಕ ಇಟ್ಟು ನೋಡಿದರು. ಎಲ್ ನಿನೊ ವರ್ಷಗಳ ಜೂನ್‌ನಲ್ಲಿ ಆ ಸೀಮೆಯ ಮೇಲೆ ಇಂಥ ಎತ್ತರದ ತೆಳು ಮೋಡ ಜಾಸ್ತಿ ಇತ್ತು. ಎಲ್ ನಿನೊ ವರ್ಷಗಳಲ್ಲಿ ಸಾಮಾನ್ಯವಾಗಿ ಮುಂದಿನ ಅಕ್ಟೋಬರ್–ಮಾರ್ಚ್ ಮಳೆ ಕಮ್ಮಿ. ಒಂದೇ ಕಾರಣ ಜೂನ್‌ನಲ್ಲಿ ನಕ್ಷತ್ರವನ್ನು ಮಂಕು ಮಾಡುತ್ತೆ, ಅಕ್ಟೋಬರಿನಲ್ಲಿ ಮಳೆಯನ್ನು ತಡೆಯುತ್ತೆ.

ಎಲ್ ನಿನೊ ಅಂದರೆ ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾಗುವುದು. ಕೆಲವು ವರ್ಷಗಳಿಗೊಮ್ಮೆ ಆಗುತ್ತೆ. ಏಪ್ರಿಲ್–ಜೂನ್ ಹೊತ್ತಿಗೆ ರೂಪ ತಳೆದು, ಡಿಸೆಂಬರ್ ಸುಮಾರಿಗೆ ಜೋರಾಗಿ, ಮುಂದಿನ ವರ್ಷ ಇಳಿಯುವುದು ಅದರ ಸಾಮಾನ್ಯ ನಡೆ. ಬಿಸಿ ನೀರಿನ ಮೇಲೆ ಏಳುವ ದೊಡ್ಡ ಮೋಡಗಳು ಮೇಲ್ಮಟ್ಟಕ್ಕೆ ತೇವ ಸಾಗಿಸುತ್ತವೆ. ಸಿರಸ್ ಹೆಚ್ಚುವುದು ಹೀಗೆ. ಇತ್ತ ಆಲ್ಟಿಪ್ಲಾನೊಗೆ ಮಳೆ ತರುವ ತೇವ ಬರೋದು ಪೂರ್ವದ ಅಮೆಜಾನ್ ಕಡೆಯಿಂದ. ಎಲ್ ನಿನೊ ವರ್ಷಗಳಲ್ಲಿ ಮೇಲಿನ ಪಡುವಣ ಗಾಳಿ ಬಲವಾಗಿ, ಆ ತೇವವನ್ನು ಬೆಟ್ಟ ಹತ್ತಲು ಬಿಡಲ್ಲ.

ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ಊರೂರಿಗೆ ಗುರುತು ಬೇರೆ ಬೇರೆ ಅಂದೆವಲ್ಲ: ಹೊಳಪು, ಗಾತ್ರ, ಮೊದಲು ಕಂಡ ದಿನ, ಹೊಳೆಯುವ ಚುಕ್ಕಿಯ ಜಾಗ. ಮೇಲ್ನೋಟಕ್ಕೆ ನಾಲ್ಕು ನಂಬಿಕೆ. ಆದರೆ ಬಾನಿನಲ್ಲಿ ತೆಳು ಮೋಡ ಇದ್ದರೆ ಏನಾಗುತ್ತೆ ಯೋಚಿಸಿ. ಒಟ್ಟು ಹೊಳಪು ಇಳಿಯುತ್ತೆ. ಅಂಚಿನ ಸಣ್ಣ ಚುಕ್ಕಿಗಳು ಅಳಿಸಿಹೋಗಿ ಗುಚ್ಛ ಕುಗ್ಗಿದ ಹಾಗೆ ಕಾಣುತ್ತೆ. ಅಂಚು ಅಳಿಸಿದರೆ ದೊಡ್ಡ ಚುಕ್ಕಿ ಕೂತ ಜಾಗವೂ ಬದಲಾದಂತೆ ಅನ್ನಿಸುತ್ತೆ. ನಸುಕಿನ ಬೆಳಕಿನ ಎದುರು ಮಂಕು ಚುಕ್ಕಿ ಕಾಣಬೇಕಾದರೆ ಅದು ಇನ್ನೂ ಮೇಲೆ ಬರಬೇಕು, ಹಾಗಾಗಿ ಮೊದಲು ಕಾಣುವ ದಿನವೂ ಮುಂದಕ್ಕೆ ಹೋಗುತ್ತೆ. ನಾಲ್ಕೂ ಅಳೆಯುತ್ತಿರುವುದು ಒಂದನ್ನೇ, ಗಾಳಿ ಎಷ್ಟು ತಿಳಿಯಾಗಿದೆ ಅನ್ನೋದನ್ನ.

ಕೃತ್ತಿಕೆಯೇ ಯಾಕೆ ಅನ್ನೋದಕ್ಕೂ ಇದರಲ್ಲೇ ಉತ್ತರ ಇದೆ. ಒಂಟಿ ನಕ್ಷತ್ರ ಕಳೆದ ವರ್ಷ ಎಷ್ಟು ಹೊಳೆಯುತ್ತಿತ್ತು ಅಂತ ಯಾರಿಗೆ ನೆನಪಿರುತ್ತೆ? ಒಂದೇ ಜಾಗದಲ್ಲಿ ಹೊಳಪಿನವೂ ಮಂಕಿನವೂ ಒಟ್ಟಿಗಿದ್ದರೆ ಎಣಿಸಿ ನೋಡಬಹುದು. ದಿಗಂತದ ಹತ್ತಿರ ಇದ್ದಾಗ ಬೆಳಕು ಓರೆಯಾಗಿ, ಹೆಚ್ಚು ಗಾಳಿಯ ಮೂಲಕ ಹಾದು ಬರುತ್ತೆ, ಆಗ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ತೋರುತ್ತೆ. ಉಪಕರಣ ಮಾಡುವವನು ಬೇಕು ಅಂತ ಆರಿಸಿದ್ದರೂ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ಸಮಯದ ಆಯ್ಕೆಯೂ ಹಾಗೇ. ಮಾರ್ಚ್–ಮೇ ತಿಂಗಳುಗಳಿಗಿಂತ ಮೊದಲು ಮಾಡಿದ ಎಲ್ ನಿನೊ ಊಹೆ ಕಂಪ್ಯೂಟರಿಗೂ ಕೈಕೊಡುವುದು ಜಾಸ್ತಿ. ಆ ತಿಂಗಳುಗಳು ದಾಟಿದ ಮೇಲೆ ಊಹೆ ಗಟ್ಟಿಯಾಗುತ್ತೆ. ರೈತರು ಬೆಟ್ಟ ಹತ್ತುವುದು ಸರಿಯಾಗಿ ಅದು ದಾಟಿದ ಮೇಲೆ. ಅವರಿಗೆ ಪೆಸಿಫಿಕ್‌ನ ಸಂಗತಿ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ತಲೆಮಾರುಗಳ ಕಾಲ ಜೂನ್‌ನಲ್ಲಿ ಕಂಡದ್ದನ್ನು ಬೆಳೆ ಬಂದಾಗ ನೆನಪಿಸಿಕೊಂಡರು. ಕೂಡಿ ಬಂದ ಗುರುತು ಉಳಿಯಿತು.

ಗುರುತು ಸಿಕ್ಕ ಮೇಲೆ

ಮಳೆಯ ಊಹೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಎಷ್ಟು ನಿಖರ’ ಅನ್ನೋ ಕಡೆಗೇ ಓಡುತ್ತಾರೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಕಲಿಯಬೇಕಾದ್ದು ಇನ್ನೊಂದು ಕಡೆ ಇದೆ. ಇಲ್ಲಿ ಊಹೆ ಒಂದು ತೀರ್ಮಾನದ ಜೊತೆ ಗಂಟು ಹಾಕಿಕೊಂಡಿದೆ. ನಕ್ಷತ್ರ ಮಂಕಾಗಿದ್ದರೆ ಮಾಡುವುದು ಏನು? ನೆಡುವುದನ್ನು ಮುಂದೂಡುವುದು, ಅಷ್ಟೇ. ಅದು ರೈತನ ಕೈಯಲ್ಲೇ ಇದೆ. ಅದಕ್ಕೆ ಸಾಲ ಬೇಡ, ಹೊಸ ಬೀಜ ಬೇಡ, ಕಚೇರಿ ಅಲೆದಾಟ ಬೇಡ. ಮಾತು ಸುಳ್ಳಾದರೂ ಆ ವರ್ಷದ ಇಳುವರಿ ಸ್ವಲ್ಪ ಕಮ್ಮಿಯಾಗುತ್ತೆ, ಬಿತ್ತನೆ ಗೆಡ್ಡೆ ಪೂರ್ತಿ ಮಣ್ಣುಪಾಲಾಗಲ್ಲ. ಹತ್ತರಲ್ಲಿ ಮೂರು ನಾಲ್ಕು ಸಲ ತಪ್ಪುವ ಊಹೆಯಾದರೂ ಇಂಥ ಕಡೆ ಬಳಕೆಗೆ ಬರುತ್ತೆ.

ಅಷ್ಟಾದರೂ ಯಾರೂ ಒಂದೇ ಗುರುತಿಗೆ ಹೊಲ ಒಪ್ಪಿಸಲ್ಲ. ಈ ಆಂಡಿಸ್ ಪರ್ವತಸಾಲಿನ ರೈತನ ಜಮೀನು ಒಂದೇ ಕಡೆ ಇರಲ್ಲ. ಕೆಳಗೆ ಒಂದು ತುಂಡು, ಇಳಿಜಾರಿನಲ್ಲಿ ಒಂದು, ಮೇಲೆ ಇನ್ನೊಂದು. ತಗ್ಗಿನಲ್ಲಿ ಹಸಿ ನಿಲ್ಲುತ್ತೆ ಆದರೆ ಹಿಮ ಕೂರುತ್ತೆ. ಇಳಿಜಾರಿನಲ್ಲಿ ಹಿಮ ಜಾರುತ್ತೆ ಆದರೆ ನೀರೂ ಜಾರುತ್ತೆ. ನೆಡುವುದರಲ್ಲೂ ಮುಂಚಿನದು, ನಡುವಿನದು, ತಡದ್ದು ಅಂತ ಮೂರು ಕಂತು. ತಳಿಗಳಂತೂ ಹತ್ತಾರು. ಕೆಲವು ಕಹಿ ತಳಿಗಳು ಹಿಮಕ್ಕೂ ಜಗ್ಗಲ್ಲ. ಅವನ್ನು ಜೂನ್–ಜುಲೈ ರಾತ್ರಿಗಳಲ್ಲಿ ಬಯಲಿನಲ್ಲಿ ಹರಡಿ, ಹಿಮಕ್ಕೆ ಹೆಪ್ಪುಗಟ್ಟಿಸಿ, ಕಾಲಲ್ಲಿ ತುಳಿದು ನೀರು ತೆಗೆದು ಒಣಗಿಸುತ್ತಾರೆ. ಅದಕ್ಕೆ ಚುನ್ಯೊ ಅಂತ ಹೆಸರು. ವರ್ಷಗಟ್ಟಲೆ ಕೆಡಲ್ಲ. ಕೃತ್ತಿಕೆ ನೋಡುವ ದಿನಗಳೂ ಬರಗಾಲದ ಬುತ್ತಿ ಕಟ್ಟುವ ದಿನಗಳೂ ಒಂದೇ.

ಬೇರೆ ಗುರುತುಗಳೂ ಇವೆ. ನರಿ ಯಾವಾಗ, ಹೇಗೆ ಊಳಿಟ್ಟಿತು. ಸರೋವರದ ಜೊಂಡಿನಲ್ಲಿ ಹಕ್ಕಿ ನೀರಿಗಿಂತ ಎಷ್ಟು ಮೇಲೆ ಗೂಡು ಕಟ್ಟಿತು. ಲೆಕೆಲೆಕೆ ಅನ್ನೋ ಹಕ್ಕಿ ಉಳುಮೆ ಸಾಲಿನ ದಿಂಡಿನ ಮೇಲೆ ಮೊಟ್ಟೆ ಇಟ್ಟಿತೋ ತಗ್ಗಿನಲ್ಲೋ. ದಿಂಡಿನ ಮೇಲಿದ್ದರೆ ಮಳೆ ಜೋರು. ಈ ಲೆಕೆಲೆಕೆ ನಮ್ಮ ಟಿಟ್ಟಿಭದ ಹತ್ತಿರದ ನೆಂಟ. ಗುಜರಾತಿನ ಸೌರಾಷ್ಟ್ರದ ರೈತರೂ ಟಿಟ್ಟಿಭ ಎತ್ತರದಲ್ಲಿ ಮೊಟ್ಟೆ ಇಟ್ಟರೆ ಮಳೆ ಚೆನ್ನಾಗಿದೆ ಅನ್ನುತ್ತಾರೆ. ಎರಡು ಖಂಡ, ಒಂದೇ ಜಾತಿಯ ಹಕ್ಕಿ, ಒಂದೇ ಮಾತು. ಇದರ ಹಿಂದೆ ಕೃತ್ತಿಕೆಗೆ ಸಿಕ್ಕಂಥ ಕಾರಣ ಇನ್ನೂ ಸಿಕ್ಕಿಲ್ಲ. ಹಾಗಾಗಿ ನಾನು ಅದನ್ನು ಕೃತ್ತಿಕೆಯ ಸಾಲಿಗೆ ಸೇರಿಸಲ್ಲ.

ನಮ್ಮಲ್ಲೂ ಇದೆ ಕೃತ್ತಿಕೆ

ಕನ್ನಡದ ರೈತರಿಗೆ ಕೃತ್ತಿಕೆ ಅಂದರೆ ಒಂದು ಮಳೆಯ ಹೆಸರು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಅಂತ ವಿಶಾಖೆವರೆಗೆ ಮಳೆಗಳ ಸಾಲು ಹೋಗುತ್ತೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13–14 ದಿನ ಆ ಮಳೆಯದು. ಕೃತ್ತಿಕೆ ಮಳೆ ಮೇ 11ರ ಸುಮಾರಿಗೆ ಹುಟ್ಟಿ, 24ರ ತನಕ ಇರುತ್ತೆ. ಆಮೇಲೆ ರೋಹಿಣಿ.

ಒಂದು ವ್ಯತ್ಯಾಸ ಗಮನಿಸಿ. ನಮ್ಮ ಕೃತ್ತಿಕೆ ಮಳೆಯ ದಿನಗಳಲ್ಲಿ ಸೂರ್ಯ ಆ ಗುಚ್ಛದ ಹತ್ತಿರವೇ ಇರುತ್ತಾನೆ. ಅಂದರೆ ನಕ್ಷತ್ರ ಕಣ್ಣಿಗೆ ಕಾಣುವುದೇ ಇಲ್ಲ. ನಾವು ಎಣಿಸುವುದು ಅದು ಮರೆಯಾದಾಗ, ಅವರು ನೋಡುವುದು ಅದು ಮರೆಯಿಂದ ಹೊರಬಂದಾಗ. ನಮ್ಮದು ಪಂಚಾಂಗದ ಲೆಕ್ಕ, ಪ್ರತಿ ವರ್ಷ ಅದೇ ತಾರೀಕು. ‘ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’. ಯಾವ ಮಳೆ ಯಾವ ಬೆಳೆಗೆ ಬೇಕು ಅನ್ನೋ ಬೇಸಾಯದ ಪಾಠ ಈ ಗಾದೆಗಳಲ್ಲಿ ಬೇಕಾದಷ್ಟಿದೆ. ರೋಹಿಣಿ ಬಂದರೆ ಏನು ಬಿತ್ತಬೇಕು, ಬಾರದಿದ್ದರೆ ಏನು ಅನ್ನೋದನ್ನ ಅದರಿಂದ ಕಲಿಯಬಹುದು. ಈ ವರ್ಷ ರೋಹಿಣಿ ಬರುತ್ತಾ ಅನ್ನೋದಕ್ಕೆ ಮಾತ್ರ ಅದರಲ್ಲಿ ಉತ್ತರ ಇಲ್ಲ. ತಾರೀಕು ಬದಲಾಗದ ಲೆಕ್ಕ ಮಳೆಯ ಸರಾಸರಿಯನ್ನು ಹೇಳಬಲ್ಲದು, ಈ ವರ್ಷದ ಏರುಪೇರನ್ನು ಹೇಳಲಾರದು. ಇನ್ನೂ ಒಂದು ತೊಡಕು: ನಕ್ಷತ್ರ ನೆಚ್ಚಿದ ಈ ತಾರೀಕುಗಳು ಋತುಗಳಿಗೆ ಹೋಲಿಸಿದರೆ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಜಾರುತ್ತವೆ. 700 ವರ್ಷ ಹಳೆಯ ಗಾದೆ ಇದ್ದರೆ, ಅದರ ಮಳೆ ಈಗ ಹತ್ತು ದಿನ ಆಚೀಚೆ ಆಗಿರುತ್ತೆ.

ವರ್ಷದ ಏರುಪೇರು ಹೇಳುವ ಪದ್ಧತಿಗಳೂ ನಮ್ಮಲ್ಲಿವೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರ್ಣಿಕ, ಯುಗಾದಿಗೆ ಪಂಚಾಂಗ ಓದುವುದು. ಅವುಗಳ ಜಾಗ ಬೇರೆ, ಜನರಿಗೆ ಅವು ಕೊಡುವ ಬಲ ಬೇರೆ. ಬರಿ ಮಳೆ ಲೆಕ್ಕಕ್ಕೆ ನೋಡಿದರೆ ಅವು ಬರೋದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಸಾಗರ ಇನ್ನೂ ಯಾವ ಕಡೆ ವಾಲಬೇಕು ಅಂತ ನಿರ್ಧರಿಸಿರದ ಹೊತ್ತು ಅದು.

ಆಲ್ಟಿಪ್ಲಾನೊಗೂ ನಮಗೂ ಇನ್ನೊಂದು ಕಹಿ ನಂಟಿದೆ. ಎಲ್ ನಿನೊ ಎರಡೂ ಕಡೆ ಮಳೆ ಕಸಿಯುತ್ತೆ. ನಮ್ಮಲ್ಲಿ ಧಾತು–ಈಶ್ವರ ಸಂವತ್ಸರಗಳ ಬರ ಅಂತ ಹಿರಿಯರು ನೆನೆಯುತ್ತಿದ್ದ 1876–78ರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನ ಸತ್ತರು. ಅದರ ನಡುವೆಯೇ 1877ರಲ್ಲಿ ಭಾರೀ ಎಲ್ ನಿನೊ ಎದ್ದಿತ್ತು. 1878ರ ಹೊತ್ತಿಗೆ ಬೊಲಿವಿಯಾದಲ್ಲೂ ಬರ, ಹಸಿವು. ಈ ಬರದ ಪೆಟ್ಟಿನಿಂದಲೇ ಭಾರತದಲ್ಲಿ ಮುಂಗಾರನ್ನು ಮುಂಚಿತವಾಗಿ ಹೇಳುವ ಸರ್ಕಾರಿ ಪ್ರಯತ್ನ ಶುರುವಾಯಿತು. ಮೊದಲು ಹಿಮಾಲಯದ ಹಿಮ ನೋಡಿ ಹೇಳಿದರು. 1904ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್, ಮುಂಗಾರಿನ ಸುಳಿವು ಹುಡುಕುತ್ತಾ ಜಗತ್ತಿನ ಮೂಲೆಮೂಲೆಯ ಅಂಕಿ ಜಾಲಾಡಿದರು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ಗಾಳಿಯ ಒತ್ತಡ ಅತ್ತ ಏರಿದರೆ ಇತ್ತ ಇಳಿಯುತ್ತೆ ಅನ್ನೋದು 1920ರ ದಶಕದಲ್ಲಿ ಅವರಿಗೆ ಸ್ಪಷ್ಟವಾಯಿತು. ಎಲ್ ನಿನೊದ ಇನ್ನೊಂದು ಮುಖ ಅದು. ಅಂಕಿಗಳ ಗುಡ್ಡೆಯ ಮೂಲಕ ವಾಕರ್ ಮುಟ್ಟಿದ ಜಾಗದ ಒಂದು ತುದಿಯನ್ನು ಆಂಡಿಸ್ ರೈತರು ಅದಾಗಲೇ ಬರಿಗಣ್ಣಿನಲ್ಲಿ ಹಿಡಿದಿದ್ದರು.

2023ರಲ್ಲಿ ಎಲ್ ನಿನೊ ಶುರುವಾಗಿದೆ ಅಂತ ಅಮೆರಿಕದ ಹವಾಮಾನ ಸಂಸ್ಥೆ ಘೋಷಿಸಿದ್ದು ಜೂನ್ 8ರಂದು. ಅದೇ ದಿನ ಮುಂಗಾರು ಕೇರಳ ಮುಟ್ಟಿತು. ನಮ್ಮ ಪಂಚಾಂಗದಲ್ಲಿ ಮೃಗಶಿರ ಮಳೆ ಹುಟ್ಟುವುದೂ ಆ ಹೊತ್ತಿಗೇ. ಆ ವರ್ಷದ ಆಗಸ್ಟ್, ಅಂದರೆ ನಮ್ಮ ಆಶ್ಲೇಷ ಮತ್ತು ಮಘೆ ಮಳೆಗಳ ತಿಂಗಳು, 1901ರಿಂದೀಚೆಗೆ ಭಾರತ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು.

ಕೃತ್ತಿಕೆಗೆ ಸಿಗದ ಬರ

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ಕೃತ್ತಿಕೆಯ ಗುರುತು ಹಿಡಿಯುವುದು ಎಲ್ ನಿನೊವನ್ನು. ಬರ ಬೇರೆ ಕಾರಣದಿಂದ ಬಂದರೆ ಅದಕ್ಕೆ ಹೇಳಲು ಏನೂ ಇಲ್ಲ. 2022ರ ಕೊನೆಯ ತಿಂಗಳುಗಳಲ್ಲಿ ಪೆರುವಿನ ದಕ್ಷಿಣದ ಬೆಟ್ಟಸೀಮೆಗೆ ದಶಕಗಳಲ್ಲೇ ಕಂಡಿರದ ಬರ ಬಡಿಯಿತು. ನೆಡುವ ಹೊತ್ತಿಗೆ ಮಳೆ ಇಲ್ಲ, ಉಣ್ಣೆಗೆ ಸಾಕುವ ಅಲ್ಪಾಕಾಗಳಿಗೆ ಮೇವಿಲ್ಲ. ಆದರೆ ಆಗ ಇದ್ದದ್ದು ಎಲ್ ನಿನೊ ಅಲ್ಲ, ಅದರ ತದ್ವಿರುದ್ಧದ ಲಾ ನಿನಾ. ಅದೂ ಸತತ ಮೂರನೇ ವರ್ಷ. ಪುಸ್ತಕದ ಲೆಕ್ಕದಲ್ಲಿ ಆಲ್ಟಿಪ್ಲಾನೊಗೆ ಒಳ್ಳೆ ಮಳೆ ಬರಬೇಕಿತ್ತು. 2023ರಲ್ಲಿ ಟಿಟಿಕಾಕಾದ ನೀರು ದಾಖಲೆಯ ಕನಿಷ್ಠ ಮಟ್ಟದ ಹತ್ತಿರಕ್ಕೆ ಇಳಿಯಿತು.

ನಮ್ಮ ಕಡೆಯೂ ಇಂಥದ್ದು ಆಗಿದೆ. 1997ರ ಎಲ್ ನಿನೊ ಇಪ್ಪತ್ತನೇ ಶತಮಾನದ ಅತಿ ದೊಡ್ಡವುಗಳಲ್ಲಿ ಒಂದು. ಎಲ್ಲರೂ ಬರ ಅಂದುಕೊಂಡರು. ಆ ವರ್ಷ ಭಾರತದ ಮುಂಗಾರು ವಾಡಿಕೆಯಷ್ಟೇ ಆಯಿತು. ಹಾಗಾಗಿ ಚುಕ್ಕಿ ನೋಡುವವರನ್ನು ಒಂದು ತಪ್ಪಿಗೆ ಗೇಲಿ ಮಾಡುವವರು ಉಪಗ್ರಹದವರಿಗೂ ಅದೇ ಅಳತೆ ಹಿಡಿಯಬೇಕಾಗುತ್ತೆ. ‘ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಅಂತ ಈ ಆಂಡಿಸ್ ಕಥೆಯನ್ನು ಎತ್ತಿಕೊಂಡು ವಾಟ್ಸಾಪಿನಲ್ಲಿ ಹಂಚುವವರಿಗೂ ಒಂದು ಮಾತು: ನಾಲ್ಕು ಶತಮಾನದ ದಾಖಲೆ, ಉಪಗ್ರಹದ ಅಂಕಿ, ಒಂದು ಭೌತಿಕ ಕಾರಣ ಮೂರೂ ಕೂಡಿಬಂದದ್ದು ಈ ಒಂದು ಗುರುತಿಗೆ. ನರಿಗೂ ಇರುವೆಗೂ ಅದು ತಾನಾಗೇ ಸಲ್ಲಲ್ಲ.

ಬೊಲಿವಿಯಾದ ಆಲ್ಟಿಪ್ಲಾನೊದಲ್ಲಿ ಯಾಪುಚಿರಿ ಅಂತ ಕರೆಯುವ ಅನುಭವಿ ರೈತರಿದ್ದಾರೆ. ಅವರು ಈಗ ಮಾಡುತ್ತಿರುವ ಕೆಲಸ ನನಗೆ ಸರಿ ಅನ್ನಿಸುತ್ತೆ. ಗುರುತು ಏನು ಕಂಡಿತು, ಅದರಿಂದ ಏನು ಊಹಿಸಿದೆವು, ಆಮೇಲೆ ನಿಜಕ್ಕೂ ಹವೆ ಹೇಗಿತ್ತು ಅಂತ ಮೂರನ್ನೂ ಬರೆದಿಡುತ್ತಾರೆ. ನಾಲ್ಕಾರು ವರ್ಷ ಹೀಗೆ ಬರೆದರೆ ಯಾವ ಗುರುತು ದುಡಿಯುತ್ತಿದೆ, ಯಾವುದು ಸುಮ್ನೆ ಜೊತೆಗಿದೆ ಅನ್ನೋದು ಊರಿನವರಿಗೇ ಕಾಣುತ್ತೆ.

ನಮ್ಮಲ್ಲಿ ಈ ಕೆಲಸ ಇನ್ನೂ ಸುಲಭ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ತಿಂಗಳ ಲೆಕ್ಕದ ಬದಲು 13–14 ದಿನದ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಆ ಅಂಕಿಗಳನ್ನು ಜೋಡಿಸಿ, ಪಕ್ಕದಲ್ಲಿ ಆ ಪಂಚಾಯಿತಿಯ ಬಿತ್ತನೆ ಮತ್ತು ಇಳುವರಿ ಬರೆಯಬೇಕು. ಯಾರಾದರೂ ಕೃಷಿ ವಿದ್ಯಾರ್ಥಿ ಶುರು ಮಾಡುವುದಾದರೆ ರೋಹಿಣಿ ಮತ್ತು ಜೋಳದಿಂದ ಶುರು ಮಾಡಲಿ. ಗಾದೆ ಸ್ಪಷ್ಟವಾಗಿದೆ, ತಾರೀಕು ಗೊತ್ತಿದೆ, ಜೋಳದ ಹೊಲವೂ ಇನ್ನೂ ಅಷ್ಟಿಷ್ಟು ಉಳಿದಿದೆ.